ಹಬ್ಬದ ರಜೆಯೂ ಗಣಕಯಂತ್ರದ ಕಾವಲೂ

ಆಯುಧಪೂಜೆಯ ದಿನ ಮಂಡ್ಯದ ಪೇಟೆಬೀದಿಯಲ್ಲಿ ನಡೆದುಹೋಗುವವರಿಗೆ ಒಂದು ದೃಶ್ಯ ತಪ್ಪದೆ ಕಾಣಸಿಗುವುದು. ಬೆಲ್ಲದ ಮಂಡಿಗಳಲ್ಲಿ ತಕ್ಕಡಿಗೂ ತೂಕದ ಯಂತ್ರಕ್ಕೂ ಅರಿಶಿನ ಕುಂಕುಮ ಹಚ್ಚಿ ಹೂವೇರಿಸಿರುತ್ತಾರೆ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗಳ ಮುಂಭಾಗಕ್ಕೆ ಬಾಳೆಕಂದು ಕಟ್ಟಿ, ಗಾಲಿಗಳಡಿಯಲ್ಲಿ ನಿಂಬೆಹಣ್ಣು ಇರಿಸಿರುತ್ತಾರೆ. ಮಳವಳ್ಳಿಯ ಅಕ್ಕಿ ಗಿರಣಿಗಳಲ್ಲಿ ಯಂತ್ರ ನಿಲ್ಲಿಸಿ, ಬೂದುಗುಂಬಳ ಒಡೆದು, ಕೆಲಸಗಾರರಿಗೆ ಪುರಿ ಮತ್ತು ಸಿಹಿ ಹಂಚುತ್ತಾರೆ. ಈಚಿನ ವರ್ಷಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತ ಗಣಕಯಂತ್ರಕ್ಕೂ ಇದೇ ಮರ್ಯಾದೆ ಸಲ್ಲುತ್ತಿದೆ. ಪೂಜೆ ಮುಗಿದೊಡನೆ ಬಾಗಿಲಿಗೆ ಬೀಗ ಬೀಳುತ್ತದೆ. ವರ್ಷವೆಲ್ಲ ದುಡಿದ ಉಪಕರಣಗಳಿಗೆ ಅಂದು ವಿಶ್ರಾಂತಿ ಕೊಡಬೇಕೆಂಬುದು ನಮ್ಮ ಹಿರಿಯರ ಸಂಪ್ರದಾಯ.

ತಕ್ಕಡಿ, ಲಾರಿ, ಗಿರಣಿ ಇವು ನಿಜವಾಗಿಯೂ ವಿಶ್ರಮಿಸುತ್ತವೆ. ಗಣಕಯಂತ್ರದ ಮಾತು ಬೇರೆ. ಅದರ ಪರದೆ ಕಪ್ಪಾಗಿದ್ದರೂ, ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆಯಲ್ಲಿ ಹಸಿರು ದೀಪವೊಂದು ಮಿನುಗುತ್ತಲೇ ಇರುತ್ತದೆ. ಆ ಪೆಟ್ಟಿಗೆಯ ಮೂಲಕ ಅಂಗಡಿಯು ಹಗಲಿರುಳೂ ಅಂತರಜಾಲಕ್ಕೆ, ಎಂದರೆ ಇಡೀ ಲೋಕಕ್ಕೆ, ಅಂಟಿಕೊಂಡಿದೆ. ಯಜಮಾನರು ಹಬ್ಬದೂಟ ಮುಗಿಸಿ ಮಲಗಿರುವಾಗ ಸಾವಿರಾರು ಮೈಲಿ ದೂರದಲ್ಲಿರುವ ಯಾರಾದರೊಬ್ಬನು ಆ ದಾರಿಯಾಗಿ ಒಳಬರಬಹುದು. ಹೀಗೆ ಬರುವವರು ರಜಾದಿನಗಳನ್ನೇ ಆರಿಸಿಕೊಳ್ಳುವುದೇಕೆ, ಅವರಿಂದ ಒಂದು ಸಣ್ಣ ವ್ಯಾಪಾರವನ್ನು ಕಾಪಾಡಿಕೊಳ್ಳುವ ಬಗೆ ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಹಣಕ್ಕೆ ರಜೆ ಇಲ್ಲದ ಕಾಲ

ಹಿಂದೆ ರಜೆ ಎಂದರೆ ಎಲ್ಲಕ್ಕೂ ರಜೆ. ಬ್ಯಾಂಕು ಮುಚ್ಚಿದರೆ ಹಣವೂ ಕದಲದೆ ಕುಳಿತಿರುತ್ತಿತ್ತು. ಕಳ್ಳನು ಹಣ ಸಾಗಿಸಬೇಕಾದರೆ ಪೆಟ್ಟಿಗೆ ಒಡೆದು ಹೊತ್ತುಕೊಂಡೇ ಹೋಗಬೇಕಾಗಿತ್ತು. ಈಗ ಕಾಲ ಬದಲಾಗಿದೆ. ಒಂದು ಬ್ಯಾಂಕಿನಿಂದ ಮತ್ತೊಂದಕ್ಕೆ ಹಣ ರವಾನಿಸುವ ನೆಫ್ಟ್ ವ್ಯವಸ್ಥೆಯು 2019ರ ಡಿಸೆಂಬರ್ 16ರಿಂದ ಹಗಲೂ ರಾತ್ರಿಯೂ, ಹಬ್ಬ ಹರಿದಿನಗಳಲ್ಲಿಯೂ ನಡೆಯುತ್ತಿದೆ. ದೊಡ್ಡ ಮೊತ್ತಗಳನ್ನು ಸಾಗಿಸುವ ಆರ್‌ಟಿಜಿಎಸ್ ವ್ಯವಸ್ಥೆಯೂ 2020ರ ಡಿಸೆಂಬರ್ 14ರಿಂದ ಹಾಗೆಯೇ ಎಡೆಬಿಡದೆ ಕೆಲಸ ಮಾಡುತ್ತಿದೆ. ಇತ್ತ ಬ್ಯಾಂಕಿನ ಸಿಬ್ಬಂದಿಗೆ 2015ರ ಸೆಪ್ಟೆಂಬರ್ 1ರಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಪೂರ್ಣ ರಜಾದಿನಗಳಾಗಿವೆ.

ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡತಕ್ಕದ್ದು. ಹಣ ಓಡುತ್ತಲೇ ಇದೆ. ಅದನ್ನು ನೋಡುವ ಕಣ್ಣುಗಳು ಮಾತ್ರ ಮುಚ್ಚಿವೆ. ಶುಕ್ರವಾರ ಸಂಜೆ 6 ಗಂಟೆಗೆ ಮುಚ್ಚಿದ ಆಫೀಸು ಎರಡನೆಯ ಶನಿವಾರ ಮತ್ತು ಭಾನುವಾರಗಳನ್ನು ಕಳೆದು ಸೋಮವಾರ ಬೆಳಗ್ಗೆ 10 ಗಂಟೆಗೆ ತೆರೆದರೆ ನಡುವೆ 64 ಗಂಟೆಗಳು ಉರುಳಿರುತ್ತವೆ. ಕಳ್ಳನಿಗೆ ಬೇಕಾದುದು ಈ 64 ಗಂಟೆಗಳೇ. ರಜೆಯು ಅವನ ಕೈಗೆ ಹೊಸ ಆಯುಧವನ್ನೇನೂ ಕೊಡುವುದಿಲ್ಲ. ಕೃತ್ಯ ನಡೆದ ಕ್ಷಣಕ್ಕೂ ಅದು ಬೆಳಕಿಗೆ ಬರುವ ಕ್ಷಣಕ್ಕೂ ನಡುವಣ ಅಂತರವನ್ನು ಹಿಗ್ಗಿಸಿಕೊಡುತ್ತದೆ. ಮುಂದೆ ಹೇಳುವುದೆಲ್ಲವೂ ಈ ಒಂದು ತತ್ತ್ವದ ವಿಸ್ತರಣೆಯೇ ಆಗಿದೆ.

ಹೊಸಪೇಟೆಯ ನಿದರ್ಶನ

ನಮ್ಮ ನಾಡಿನಲ್ಲೇ ನಡೆದ ಒಂದು ಪ್ರಸಂಗವನ್ನು ನೋಡೋಣ. ಬಳ್ಳಾರಿ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕಿನ ಮುಖ್ಯ ಕಚೇರಿ ಇರುವುದು ಹೊಸಪೇಟೆಯಲ್ಲಿ. 2025ರ ಜನವರಿ 10ರಂದು ಈ ಬ್ಯಾಂಕು ಎಂದಿನಂತೆ ತನ್ನ ಗ್ರಾಹಕರ ಹಣವನ್ನು ಮತ್ತೊಂದು ಬ್ಯಾಂಕಿನ ಮೂಲಕ ರವಾನಿಸಿತು. ಯಾರಿಗೆ ಎಷ್ಟು ಹಣ ಎಂಬುದನ್ನು ತಿಳಿಸುವ ಗಣಕ ಕಡತದಲ್ಲಿ ವಂಚಕರು ಕೈಯಾಡಿಸಿದ್ದರು. ಪಡೆಯತಕ್ಕವರ ಹೆಸರುಗಳನ್ನು ಇದ್ದಂತೆಯೇ ಬಿಟ್ಟು, ಖಾತೆಯ ಸಂಖ್ಯೆಗಳನ್ನು ಮಾತ್ರ ಬದಲಿಸಿದ್ದರು. ಸುಮಾರು 2 ಕೋಟಿ 34 ಲಕ್ಷ ರೂಪಾಯಿಗಳು ಉತ್ತರ ಭಾರತದ 25 ಖಾತೆಗಳಿಗೆ ಹರಿದುಹೋದುವು.

ಆ 10ನೆಯ ತಾರೀಖು ಶುಕ್ರವಾರ. 11 ಎರಡನೆಯ ಶನಿವಾರ, 12 ಭಾನುವಾರ. ಹಣ ಬಂದಿಲ್ಲವೆಂಬ ದೂರು ಶಾಖೆಗಳಿಂದ ಬಂದುದು 13ರಂದು, ಸೋಮವಾರ, ಮರುದಿನವೇ ಸಂಕ್ರಾಂತಿ. ವಾರದ ನಡುವಣ ದಿನವಾಗಿದ್ದಲ್ಲಿ ಮರುದಿನ ಬೆಳಗ್ಗೆಯೇ ಯಾರಾದರೂ ವಿಚಾರಿಸಿಕೊಂಡು ಬರುತ್ತಿದ್ದರು.

ಹೆಸರು ಒಬ್ಬರದು, ಖಾತೆ ಇನ್ನೊಬ್ಬರದು ಆಗಿದ್ದರೂ ಹಣ ಸಾಗಿದುದು ಹೇಗೆ ಎಂದು ವಾಚಕರು ಕೇಳಬಹುದು. ಇಂತಹ ರವಾನೆಗಳಲ್ಲಿ ಯಂತ್ರವು ಖಾತೆಯ ಸಂಖ್ಯೆಯನ್ನು ಮಾತ್ರ ನೋಡಿ ಹಣ ಜಮಾ ಮಾಡುತ್ತದೆ. ಹೆಸರನ್ನು ತಾಳೆ ನೋಡುವ ಹೊಣೆ ಕಳುಹಿಸುವವನದು. ಇದನ್ನು ಮನಗಂಡ ರಿಸರ್ವ್ ಬ್ಯಾಂಕು, ಹಣ ಕಳುಹಿಸುವುದಕ್ಕೆ ಮೊದಲೇ ಖಾತೆದಾರನ ನಿಜವಾದ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ಬ್ಯಾಂಕುಗಳಿಗೆ ಅಪ್ಪಣೆ ಮಾಡಿತು. ಹೊಸ ಖಾತೆಗೆ ಹಣ ಕಳುಹಿಸುವ ಪ್ರತಿಯೊಬ್ಬ ವರ್ತಕನೂ ಇದನ್ನು ಬಳಸತಕ್ಕದ್ದು.

ಮೂರು ಪಂಚಾಂಗಗಳ ಸಂಧಿ

ಸಹಕಾರ ಬ್ಯಾಂಕೊಂದರ ಮೇಲೆ ರಜೆಯಲ್ಲಿ ಬಿದ್ದ ಪೆಟ್ಟು ಇದೇ ಮೊದಲನೆಯದಲ್ಲ. 2018ರ ಆಗಸ್ಟ್ 11ರಂದು, ಅದೂ ಎರಡನೆಯ ಶನಿವಾರವೇ, ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ನಕಲಿ ಕಾರ್ಡುಗಳನ್ನು ಹಿಡಿದವರು 28 ದೇಶಗಳ ಎಟಿಎಂ ಯಂತ್ರಗಳಿಂದ ಕೆಲವೇ ಗಂಟೆಗಳಲ್ಲಿ ಹಣ ಬಾಚಿದರು. ‘ಈ ಖಾತೆಯಲ್ಲಿ ಹಣವಿದೆಯೆ?’ ಎಂದು ಎಟಿಎಂ ಕೇಳಿದಾಗ ಉತ್ತರ ಕೊಡುತ್ತಿದ್ದುದು ಬ್ಯಾಂಕಿನ ಗಣಕವಲ್ಲ, ವಂಚಕರು ನಡುವೆ ನಿಲ್ಲಿಸಿದ ಸೋಗಿನ ಗಣಕ. ಕೇಳಿದವರಿಗೆಲ್ಲ ಅದು ಹೂಂಗುಟ್ಟಿತು. ಸೋಮವಾರ 13ರಂದು ಮತ್ತೊಂದು ಮೊತ್ತ ಹಾಂಗ್‌ಕಾಂಗಿಗೆ ಹೋಯಿತು. ಒಟ್ಟು ನಷ್ಟ ಸುಮಾರು 94 ಕೋಟಿ ರೂಪಾಯಿ.

ರಜೆಯನ್ನು ಎಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಬಹುದೆಂಬುದಕ್ಕೆ 2016ರ ಬಾಂಗ್ಲಾದೇಶ ಬ್ಯಾಂಕಿನ ಪ್ರಕರಣ ಸಾಕ್ಷಿ. ಅದು ಆ ದೇಶದ ಕೇಂದ್ರ ಬ್ಯಾಂಕು. ಅದರ ಹಣದ ಒಂದು ಭಾಗ ಅಮೆರಿಕದ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿತ್ತು. ಫೆಬ್ರವರಿ 4, ಗುರುವಾರ ರಾತ್ರಿ, ಢಾಕಾದಿಂದ ಬಂದಂತೆ ತೋರುವ 35 ಆಜ್ಞೆಗಳು ನ್ಯೂಯಾರ್ಕನ್ನು ಮುಟ್ಟಿದುವು. ಕೇಳಿದ್ದ ಮೊತ್ತ ಒಟ್ಟು 95 ಕೋಟಿ 10 ಲಕ್ಷ ಡಾಲರು. ಬಾಂಗ್ಲಾದೇಶದಲ್ಲಿ ಶುಕ್ರವಾರ ಶನಿವಾರಗಳು ವಾರದ ರಜೆ. ಆಜ್ಞೆಗಳ ದಾಖಲೆಯನ್ನು ಮುದ್ರಿಸಬೇಕಾಗಿದ್ದ ಯಂತ್ರವೂ ಕೆಟ್ಟು ನಿಂತಿತ್ತು. ಮೋಸದ ಸುಳಿವು ಸಿಕ್ಕಿ ನ್ಯೂಯಾರ್ಕಿಗೆ ತಿಳಿಸಹೊರಟರೆ ಅಲ್ಲಿ ಶನಿವಾರ ಭಾನುವಾರದ ಬಿಡುವು. ಹಣ ಹೋಗಿದ್ದ ಫಿಲಿಪ್ಪೀನ್ಸಿನ ಮನಿಲಾ ನಗರಕ್ಕೆ ಸುದ್ದಿ ಮುಟ್ಟಿಸೋಣವೆಂದರೆ ಸೋಮವಾರ 8ರಂದು ಅಲ್ಲಿ ಚೀನೀ ಹೊಸವರ್ಷದ ರಜೆ. ಮೂರು ದೇಶಗಳ ಪಂಚಾಂಗಗಳು ಕೂಡುವ ಸಂಧಿಯನ್ನು ವಂಚಕರು ಹುಡುಕಿಕೊಂಡಿದ್ದರು. ಐದು ಆಜ್ಞೆಗಳು ನೆರವೇರಿ 10 ಕೋಟಿ 10 ಲಕ್ಷ ಡಾಲರು ಹೊರಟಿತು. ಅದರಲ್ಲಿ 2 ಕೋಟಿ ಡಾಲರು ಶ್ರೀಲಂಕಾದಲ್ಲಿ ತಡೆಯಲ್ಪಟ್ಟಿತು. ‘ಫೌಂಡೇಶನ್’ ಎಂಬ ಪದದ ಕಾಗುಣಿತ ತಪ್ಪಾಗಿದ್ದುದೇ ಕಾರಣ. ಉಳಿದ 8 ಕೋಟಿ 10 ಲಕ್ಷ ಡಾಲರು ಮನಿಲಾಕ್ಕೆ ತಲುಪಿತು.

ಇಲ್ಲಿ ಮರೆಯಬಾರದ ಅಂಶವೊಂದುಂಟು. ವಂಚಕರು ಬ್ಯಾಂಕಿನ ನೌಕರರಿಗೆ ಮೋಸದ ಮಿಂಚಂಚೆಗಳನ್ನು ಕಳುಹಿಸಿದುದು 2015ರ ಜನವರಿಯಲ್ಲಿ, ಕೃತ್ಯಕ್ಕೆ ಒಂದು ವರ್ಷ ಮೊದಲೇ. ಬಾಗಿಲು ತೆರೆದುದು ಕೆಲಸದ ದಿನದಲ್ಲಿ. ಮಾಲು ಸಾಗಿಸಿದುದು ರಜೆಯ ದಿನದಲ್ಲಿ. ಆದಕಾರಣ ಹಬ್ಬದ ಹಿಂದಿನ ಸಂಜೆ ಮಾತ್ರ ಎಚ್ಚರ ವಹಿಸಿದರೆ ಸಾಲದು.

ಒತ್ತೆಯಿಡುವ ತಂತ್ರಾಂಶ

ಹಣ ಸಾಗಿಸುವುದು ಒಂದು ಬಗೆ. ಕಡತಗಳನ್ನು ಒತ್ತೆ ಹಿಡಿದು ಬಿಡುಗಡೆಗೆ ಹಣ ಕೇಳುವುದು ಮತ್ತೊಂದು. ಇದನ್ನು ಮಾಡುವ ತಂತ್ರಾಂಶಕ್ಕೆ ರ‍್ಯಾನ್ಸಮ್‌ವೇರ್ ಎಂದು ಹೆಸರು. ಇದು ಕಡತಗಳನ್ನು ಕದ್ದೊಯ್ಯಬೇಕಾಗಿಲ್ಲ. ಇದ್ದಲ್ಲಿಯೇ ಗೂಢಲಿಪಿಗೆ ತಿರುಗಿಸಿದರೆ ಸಾಕು. ಅದರ ಹಿಂದಿರುವ ಗಣಿತ ಪ್ರೌಢಶಾಲೆಯ ವಿದ್ಯಾರ್ಥಿಗೆ ಅಪರಿಚಿತವಲ್ಲ. 89 ಮತ್ತು 97 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿರಿ. 8633 ಎಂಬ ಉತ್ತರ ಕೂಡಲೇ ಬರುತ್ತದೆ. ಈಗ ಗೆಳೆಯನೊಬ್ಬನಿಗೆ 8633ನ್ನು ಮಾತ್ರ ಕೊಟ್ಟು, ಯಾವ ಎರಡು ಸಂಖ್ಯೆಗಳ ಗುಣಲಬ್ಧವೆಂದು ಕೇಳಿರಿ. ಅವನು ಬಹಳ ಹೊತ್ತು ತಡಕಾಡಬೇಕಾಗುತ್ತದೆ. ಗುಣಲಬ್ಧದಲ್ಲಿ ಆರುನೂರಕ್ಕೂ ಹೆಚ್ಚು ಅಂಕೆಗಳಿದ್ದರೆ ಇಂದಿನ ಯಾವ ಗಣಕವೂ ಅದನ್ನು ಬಿಡಿಸಲಾರದು. ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು 1977ರಲ್ಲಿ ಈ ತತ್ತ್ವದ ಮೇಲೆ ಕಟ್ಟಿದ ಗೂಢಲಿಪಿ ಇಂದು ನಮ್ಮ ವ್ಯವಹಾರಗಳನ್ನು ಕಾಪಾಡುತ್ತಿದೆ. ಅದೇ ಬೀಗವನ್ನು ವಂಚಕನು ನಮ್ಮ ಕಡತಗಳಿಗೆ ಹಾಕಿ, ಕೀಲಿಯನ್ನು ತನ್ನಲ್ಲಿಟ್ಟುಕೊಳ್ಳುತ್ತಾನೆ.

ಈ ಕೆಲಸಕ್ಕೂ ಕಾಲ ಬೇಕು. ತಂತ್ರಾಂಶವು ಸೆಕೆಂಡಿಗೆ 100 ಮೆಗಾಬೈಟಿನಂತೆ ಕಡತಗಳನ್ನು ತಿರುಗಿಸುವುದೆಂದು ಭಾವಿಸೋಣ. 10 ಲಕ್ಷ ಮೆಗಾಬೈಟುಗಳಿರುವ ಭಂಡಾರವನ್ನು ಮುಗಿಸಲು ಅದಕ್ಕೆ 10,000 ಸೆಕೆಂಡು, ಅಂದರೆ ಸುಮಾರು ಎರಡೂಮುಕ್ಕಾಲು ಗಂಟೆ ಹಿಡಿಯುತ್ತದೆ. ಗುಮಾಸ್ತರು ಎದುರಿಗೆ ಕುಳಿತಿದ್ದು, ಹತ್ತು ನಿಮಿಷದೊಳಗೆ ‘ಕಡತ ತೆರೆಯುತ್ತಿಲ್ಲ’ ಎಂದು ಅರಿತು ಅಂತರಜಾಲದ ತಂತಿಯನ್ನೂ ಯಂತ್ರದ ವಿದ್ಯುತ್ತನ್ನೂ ಕಿತ್ತರೆ ನೂರರಲ್ಲಿ ಆರು ಪಾಲು ಮಾತ್ರ ಹಾಳಾಗಿರುತ್ತದೆ. ಯಾರೂ ಇಲ್ಲದ ರಜೆಯಲ್ಲಾದರೋ ನೂರಕ್ಕೆ ನೂರೂ ಹೋಗುತ್ತದೆ.

2021ರ ಜುಲೈ 2ರಂದು, ಅಮೆರಿಕದ ಸ್ವಾತಂತ್ರ್ಯೋತ್ಸವಕ್ಕೆ ಎರಡು ದಿನ ಮೊದಲು, ಕಸೆಯಾ ಎಂಬ ಸಂಸ್ಥೆಯ ತಂತ್ರಾಂಶದ ಮೂಲಕ ಇಂತಹ ದಾಳಿ ಹಬ್ಬಿತು. ಗಿರಾಕಿಗಳ ಗಣಕಗಳನ್ನು ದೂರದಿಂದಲೇ ನೋಡಿಕೊಳ್ಳುವ ಕಂಪನಿಗಳು ಆ ತಂತ್ರಾಂಶವನ್ನು ಬಳಸುತ್ತಿದ್ದುವು. ಅವುಗಳ ಆಶ್ರಯದಲ್ಲಿದ್ದ ಸಣ್ಣಪುಟ್ಟ ಉದ್ಯಮಗಳು 1500ರವರೆಗೆ ಪೆಟ್ಟು ತಿಂದುವು. ಸ್ವೀಡನ್ ದೇಶದ ಕೂಪ್ ಎಂಬ ದಿನಸಿ ಮಳಿಗೆಗಳಲ್ಲಿ ಹಣ ಪಡೆಯುವ ಯಂತ್ರಗಳು ನಿಂತು, ಸುಮಾರು 800 ಅಂಗಡಿಗಳು ಬಾಗಿಲು ಮುಚ್ಚಬೇಕಾಯಿತು. ಅಂಗಡಿಯವರು ಯಾವ ಮೋಸದ ಪತ್ರವನ್ನೂ ತೆರೆದಿರಲಿಲ್ಲ. ಅವರ ಯಂತ್ರವನ್ನು ನೋಡಿಕೊಳ್ಳುವವರ ಬಾಗಿಲು ಸಡಿಲವಾಗಿತ್ತು. ಮದ್ದೂರಿನ ಅಂಗಡಿಯೊಂದರ ಬಿಲ್ಲಿನ ತಂತ್ರಾಂಶವನ್ನು ಬೆಂಗಳೂರಿನಿಂದ ದುರಸ್ತಿ ಮಾಡಿಕೊಡುವವರಿದ್ದರೆ, ಆ ಅಂಗಡಿಯವರು ಈ ಪಾಠವನ್ನು ಗಮನಿಸತಕ್ಕದ್ದು. ದುರಸ್ತಿಯ ದಿನ ಮಾತ್ರ ಆ ದಾರಿಯನ್ನು ತೆರೆದು, ಕೆಲಸ ಮುಗಿದೊಡನೆ ಮುಚ್ಚುವುದು ಲೇಸು.

ಗುಪ್ತಪದದ ಗಣಿತ

ಅನೇಕ ಅಂಗಡಿಗಳಲ್ಲಿ ಗಣಕದ ಗುಪ್ತಪದ, ಎಂದರೆ ಪಾಸ್‌ವರ್ಡು, ಆರು ಅಂಕೆಗಳದಾಗಿರುತ್ತದೆ. ಆರು ಅಂಕೆಗಳಿಂದ ಆಗಬಹುದಾದ ಸಂಖ್ಯೆಗಳು ಒಟ್ಟು 10 ಲಕ್ಷ. ವಂಚಕನ ಯಂತ್ರವು ಸೆಕೆಂಡಿಗೆ ಹತ್ತರಂತೆ ಪ್ರಯತ್ನಿಸಿದರೆ ಎಲ್ಲವನ್ನೂ ಮುಗಿಸಲು 1 ಲಕ್ಷ ಸೆಕೆಂಡು, ಸುಮಾರು 28 ಗಂಟೆ ಸಾಕು. ನಾವು ಮೇಲೆ ಎಣಿಸಿದ 64 ಗಂಟೆಗಳ ರಜೆಯೊಳಗೆ ಅವನು ಒಳಬಂದು, ಕೆಲಸ ಮುಗಿಸಿ, ಹೊರಟುಹೋಗಬಹುದು. ಅದೇ ಇಂಗ್ಲಿಷಿನ ಸಣ್ಣಕ್ಷರಗಳನ್ನು ಗೊತ್ತುಗುರಿಯಿಲ್ಲದೆ ಜೋಡಿಸಿದ 12 ಅಕ್ಷರಗಳ ಪದವಾದರೆ, ಅದೇ ವೇಗದಲ್ಲಿ ಎಲ್ಲವನ್ನೂ ಪ್ರಯತ್ನಿಸಲು 30 ಕೋಟಿ ವರ್ಷಗಳು ಬೇಕು. ಮಗುವಿನ ಹೆಸರು, ಊರಿನ ಹೆಸರು, ಹುಟ್ಟಿದ ವರ್ಷ ಇವುಗಳಿಂದ ಮಾಡಿದ ಪದಕ್ಕೆ ಈ ಲೆಕ್ಕ ಸಲ್ಲದು. ಅಂತಹವನ್ನು ವಂಚಕರು ಮೊದಲೇ ಪ್ರಯತ್ನಿಸುತ್ತಾರೆ.

ಐದು ಬಾರಿ ತಪ್ಪಿದರೆ ತಾನಾಗಿ ಮುಚ್ಚಿಕೊಳ್ಳುವ ಏರ್ಪಾಡನ್ನೂ, ಗುಪ್ತಪದದ ಜೊತೆಗೆ ಫೋನಿಗೆ ಬರುವ ಸಂಖ್ಯೆಯನ್ನು ಕೇಳುವ ಎರಡನೆಯ ಬೀಗವನ್ನೂ ಅಳವಡಿಸಿದರೆ ರಕ್ಷಣೆ ಇಮ್ಮಡಿಯಾಗುತ್ತದೆ. ಆ ಫೋನಿನ ಮೇಲೂ ಎಚ್ಚರವಿರಬೇಕು. ಹಬ್ಬದ ಉಡುಗೊರೆ, ಮದುವೆಯ ಕರೆಯೋಲೆ ಎಂಬ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಕಡತಗಳನ್ನು ತೆರೆದೊಡನೆ ಫೋನು ಅನ್ಯರ ಕೈವಶವಾದ ಪ್ರಸಂಗಗಳು ಈಚೆಗೆ ನಮ್ಮ ದೇಶದಲ್ಲಿ ಬಹಳ. ಕರೆಯೋಲೆಯು ಚಿತ್ರವಾಗಿ ಬರುತ್ತದೆ. ಅದು ಫೋನಿನಲ್ಲಿ ಸ್ಥಾಪಿಸಿಕೊಳ್ಳಲು ಅನುಮತಿ ಕೇಳುವುದಿಲ್ಲ.

ಹಗೇವಿನ ಪಾಠ

ಇಷ್ಟೆಲ್ಲ ಮಾಡಿದರೂ ಒಮ್ಮೊಮ್ಮೆ ಕಳ್ಳನು ಗೆಲ್ಲಬಹುದು. ಆಗ ಕೈಹಿಡಿಯುವುದು ಪ್ರತಿಗಳು. ಹಳೆಯ ಮೈಸೂರು ಸೀಮೆಯ ರೈತರು ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ತುಂಬಿಡುತ್ತಿದ್ದರು. ಮನೆಗೆ ಬೆಂಕಿ ಬಿದ್ದರೂ ಹಗೇವಿನ ರಾಗಿಗೆ ಅಪಾಯವಿರಲಿಲ್ಲ. ಗಣಕದ ಲೆಕ್ಕಪತ್ರಗಳಿಗೂ ಹಗೇವು ಬೇಕು. ಬಲ್ಲವರು ಹೇಳುವ ಸೂತ್ರ ಇಷ್ಟೆ: ಒಟ್ಟು ಮೂರು ಪ್ರತಿಗಳಿರಲಿ; ಅವು ಎರಡು ಬೇರೆ ಬಗೆಯ ಸಾಧನಗಳಲ್ಲಿರಲಿ; ಒಂದಾದರೂ ಬೇರೆ ಸ್ಥಳದಲ್ಲಿರಲಿ. ಇದಕ್ಕೆ ಇನ್ನೊಂದನ್ನು ಕೂಡಿಸಬೇಕು. ಒಂದು ಪ್ರತಿಯನ್ನು ಗಣಕಕ್ಕೆ ಸಿಕ್ಕಿಸಿ ಬಿಡಬಾರದು. ಏಕೆಂದರೆ ಒತ್ತೆಯ ತಂತ್ರಾಂಶವು ಸಿಕ್ಕಿಸಿದುದನ್ನೂ ತಿನ್ನುತ್ತದೆ. ಪ್ರತಿ ತೆಗೆದ ಮೇಲೆ ಅದರಿಂದ ಒಂದು ಕಡತವನ್ನು ತೆರೆದು ನೋಡುವುದೂ ಅಗತ್ಯ. ಹಗೇವನ್ನು ತೆಗೆದ ದಿನ ರಾಗಿ ಮುಗ್ಗಿದೆಯೆಂದು ತಿಳಿದರೆ ಪ್ರಯೋಜನವೇನು?

ಪಾಳಿಯ ವ್ಯವಸ್ಥೆ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಕೇಂದ್ರ ಆರಂಭವಾಗಿ, ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಗಣಿಯ ಆಳದಲ್ಲಿ ನೀರೆತ್ತುವ ಯಂತ್ರಗಳಿಗೆ ಹಬ್ಬವೆಂಬುದಿಲ್ಲ. ಆದುದರಿಂದ ಅಂತಹ ಕೇಂದ್ರಗಳಲ್ಲಿ ಯುಗಾದಿಯಾಗಲಿ ದೀಪಾವಳಿಯಾಗಲಿ ಯಾರಾದರೊಬ್ಬರು ಪಾಳಿಯಲ್ಲಿ ಇದ್ದೇ ಇರುತ್ತಾರೆ. ನಮ್ಮ ಕೆರೆಗಳ ತೂಬಿನ ಬಳಿ ನೀರುಗಂಟಿಯು ಇರುಳಿನಲ್ಲಿ ಸುತ್ತುತ್ತಿದ್ದುದೂ ಇದೇ ಕಾರಣಕ್ಕೆ. ಎಂದೂ ಮಲಗದ ವ್ಯವಸ್ಥೆಯನ್ನು ಕಟ್ಟಿದವರು ಎಂದೂ ಮಲಗದ ಕಾವಲನ್ನೂ ಕಟ್ಟಿದ್ದರು. ಇಂದಿನ ಅಂಗಡಿ ಅಂತರಜಾಲದಿಂದ ವಿದ್ಯುತ್ ಕೇಂದ್ರದ ಎಚ್ಚರವನ್ನು ಪಡೆದಿದೆ. ಅದರ ಪಾಳಿಯನ್ನು ಮಾತ್ರ ಪಡೆದಿಲ್ಲ. ತೊಡಕು ಇರುವುದು ಇಲ್ಲಿ.

ಸಣ್ಣ ವ್ಯಾಪಾರಿಯು ರಾತ್ರಿಯೆಲ್ಲ ಆಳನ್ನಿಡಲಾರ. ಅವನಿಗೆ ಎರಡು ದಾರಿಗಳಿವೆ.

ಮೊದಲನೆಯದು, ಗಣಕಕ್ಕೆ ನಿಜವಾದ ರಜೆ ಕೊಡುವುದು. ಹಬ್ಬಕ್ಕೆ ಬಾಗಿಲು ಹಾಕುವಾಗ ಯಂತ್ರವನ್ನು ಪೂರ್ತಿ ನಿಲ್ಲಿಸಿ, ಅಂತರಜಾಲದ ತಂತಿಯನ್ನು ತೆಗೆದುಬಿಟ್ಟರೆ ಆ ಯಂತ್ರದೊಳಕ್ಕೆ ಹೊರಗಿನಿಂದ ಯಾರೂ ನುಗ್ಗಲಾರರು. ಕಾವಲಿನ ಕ್ಯಾಮೆರಾಕ್ಕೆ ಅಂತರಜಾಲ ಬೇಕಿದ್ದರೆ ಗಣಕದ ತಂತಿಯನ್ನಷ್ಟೇ ಬಿಡಿಸಬಹುದು. ಬಾಗಿಲು ಹಾಕುವ ಮೊದಲೇ ತಂತ್ರಾಂಶದ ಹೊಸ ತಿದ್ದುಪಡಿಗಳನ್ನು ಹಾಕಿ, ಕೆಲಸ ಬಿಟ್ಟುಹೋದ ನೌಕರರ ಹೆಸರಿನ ಪ್ರವೇಶಗಳನ್ನು ಅಳಿಸಿರಬೇಕು.

ಎರಡನೆಯದು, ನಿಲ್ಲಿಸಲಾಗದ ಭಾಗಕ್ಕೆ ಪಾಳಿ ಗೊತ್ತು ಮಾಡುವುದು. ಬ್ಯಾಂಕಿನ ಖಾತೆಯನ್ನು ನಿಲ್ಲಿಸಲಾಗದು. ಆದರೆ ದಿನಕ್ಕೆ ಎಷ್ಟು ಹಣ ಹೊರಹೋಗಬಹುದೆಂಬ ಮಿತಿಯನ್ನು ರಜೆಯ ಮಟ್ಟಿಗೆ ತಗ್ಗಿಸಬಹುದು. ದೊಡ್ಡ ಮೊತ್ತಕ್ಕೆ ಇಬ್ಬರ ಒಪ್ಪಿಗೆ ಬೇಕೆಂದು ನಿಯಮಿಸಬಹುದು. ಬ್ಯಾಂಕಿನ ಸಂದೇಶಗಳು ಗುಮಾಸ್ತರ ಫೋನಿಗೆ ಮಾತ್ರ ಬರುತ್ತಿದ್ದರೆ ಯಜಮಾನರ ಫೋನಿಗೂ ಬರುವಂತೆ ಮಾಡತಕ್ಕದ್ದು. ರಜೆಯ ಪ್ರತಿದಿನ ಬೆಳಗ್ಗೆ ಸಂಜೆ ಮನೆಯ ಒಬ್ಬರು ಖಾತೆಯನ್ನು ನೋಡಬೇಕು; ಐದು ನಿಮಿಷದ ಕೆಲಸ. ಆಗ 64 ಗಂಟೆಗಳ ಅಂತರವು ಸುಮಾರು 12 ಗಂಟೆಗಳಿಗೆ ಇಳಿಯುತ್ತದೆ.

ಸಂಶಯ ಬಂದ ಕ್ಷಣವೇ 1930 ಎಂಬ ಸಂಖ್ಯೆಗೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಹಣವು ಕೈಯಿಂದ ಕೈಗೆ ಜಾರಿ ಹೋಗುವ ಮೊದಲೇ ತಿಳಿಸಿದರೆ ಅದನ್ನು ನಡುದಾರಿಯಲ್ಲಿ ತಡೆಹಿಡಿಯುವ ಏರ್ಪಾಡಿದೆ. ಮಂಡ್ಯದಲ್ಲಿಯೂ ಇಂತಹ ಅಪರಾಧಗಳಿಗೆಂದೇ ಸೆನ್ ಪೋಲೀಸ್ ಠಾಣೆ ಇದೆ. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರ ಆಜ್ಞೆಯಲ್ಲಿ, ಕಂಪನಿಗಳೂ ಸರ್ಕಾರಿ ಕಚೇರಿಗಳೂ ಇಂತಹ ಘಟನೆಯನ್ನು ತಿಳಿದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ವಿಧಿಸಿತು. ಆ ಆರು ಗಂಟೆಗಳಲ್ಲಿ ರಜೆಗೆ ವಿನಾಯಿತಿಯಿಲ್ಲ.

ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಗಳಲ್ಲಿ ಅಂಗಡಿಯೋ ಮಂಡಿಯೋ ಹಾಲಿನ ಸಂಘದ ಲೆಕ್ಕವೋ ಇದ್ದೀತು. ತಂದೆತಾಯಿಗಳಿಗಿಂತ ಗಣಕದ ಪರಿಚಯ ನಿಮಗೇ ಹೆಚ್ಚು. ಮುಂದಿನ ಆಯುಧಪೂಜೆಯಂದು ಗಣಕಕ್ಕೆ ಕುಂಕುಮ ಇಡುವ ಮೊದಲು ಪ್ರತಿ ತೆಗೆದಿದೆಯೆ ಎಂದು ವಿಚಾರಿಸಿರಿ. ಪೂಜೆ ಮುಗಿದ ಮೇಲೆ ತಂತಿಯನ್ನು ನೀವೇ ಬಿಡಿಸಿರಿ. ರಜೆಯ ಪಾಳಿಯನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳಿರಿ. ಉಪಕರಣಗಳಿಗೆ ವರ್ಷಕ್ಕೊಂದು ದಿನ ವಿಶ್ರಾಂತಿ ಕೊಡಬೇಕೆಂದು ಹಿರಿಯರು ಗೊತ್ತು ಮಾಡಿದ ಸಂಪ್ರದಾಯವನ್ನು ಗಣಕಯಂತ್ರದ ವಿಷಯದಲ್ಲಿಯೂ ಅಕ್ಷರಶಃ ಪಾಲಿಸಿದರೆ, ಹಬ್ಬ ಕಳೆದು ಬಾಗಿಲು ತೆರೆದಾಗ ಲೆಕ್ಕದ ಪುಸ್ತಕ ಇಟ್ಟಲ್ಲಿಯೇ ಇರುತ್ತದೆ.